ಕರೆಂಟ್ ಬೀಡಿ

ಮಾರುತೇಶನ ಮದುವೆಯ ಮಾತು ಮೂರನೇ ಸಲ ಮುರಿದುಬಿದ್ದದ್ದು ಕಿವಿಯ ಮೇಲಿದ್ದ ಒಂದು ಬೀಡಿಯಿಂದ. ರಾಂಪುರದಲ್ಲಿ ಹೆಣ್ಣು ನೋಡಿ, ಮಂಡಕ್ಕಿ ಮೆಣಸಿನಕಾಯಿ ತಿಂದು, ಎಲ್ಲ ಸರಿಹೋಗಿ, ಹೊರಡುವ ಹೊತ್ತಿಗೆ ಹುಡುಗಿಯ ಅಜ್ಜಿಯ ಕಾಲಿಗೆ ಬೀಳಲು ಬಗ್ಗಿದ. ಅವನು ಬೀಳುವ ಮೊದಲೇ ಬೀಡಿ ಬಿತ್ತು. ಅಜ್ಜಿ ಅದನ್ನು ಎತ್ತಿ ಹಿಡಿದು, "ಆಶೀರ್ವಾದ ಯಾರಿಗೆ ಮಾಡ್ಲಪ್ಪ, ನಿಂಗೋ ಇದಕ್ಕೋ?" ಎಂದಿತು. ಅಲ್ಲಿಗೆ ಆ ಮಾತು ಮುಗಿಯಿತು.

ಮಾರುತೇಶ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವನು. ಕೈ ಚುರುಕು, ಮಾತು ಮೆದು, ಮೈ ಬಗ್ಗಿಸಿ ದುಡಿಯುವವನು. ಬೀಡಿ ಒಂದೇ ಅವನ ಕುಂದು. ರೇಷ್ಮೆಯ ಹತ್ತಿರ ಬೆಂಕಿ ತರುವಂತಿಲ್ಲವಾದ್ದರಿಂದ ಗಳಿಗೆಗೊಮ್ಮೆ ಮಗ್ಗದ ಗುಂಡಿಯಿಂದೆದ್ದು ಬೀದಿಗೆ ಹೋಗಬೇಕು, ಸೇದಬೇಕು, ಮತ್ತೆ ಬಂದು ಗುಂಡಿಗಿಳಿಯಬೇಕು. "ನನ್ನ ಮಗ ನೇಯಾದಕ್ಕಿಂತ ಹತ್ತಿ ಇಳಿಯಾದೇ ಜಾಸ್ತಿ," ಎಂದು ಅವನ ಅವ್ವ ಚಿನ್ನಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು.

ನಾಲ್ಕನೆಯ ಹೆಣ್ಣು ನನ್ನಿವಾಳದ ಬೊಮ್ಮಲಿಂಗಪ್ಪನವರ ಮಗಳು ಕಾವ್ಯ. ಚಳ್ಳಕೆರೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಮೊಬೈಲಿನಲ್ಲಿ ಬಂದ ಅವಳ ಫೋಟೋವನ್ನು ಮಾರುತೇಶ ಮಗ್ಗದ ಪಕ್ಕದಲ್ಲೇ ಇಟ್ಟುಕೊಂಡು ನೇಯ್ದ. ಸಂಜೆ ನೋಡಿದರೆ ಸೀರೆಯ ಅಂಚಿನಲ್ಲಿದ್ದ ನವಿಲಿಗೆ ಮೂರು ಕಾಲು ಬಂದಿದ್ದವು. ಇಷ್ಟಾದ ಮೇಲೆ ಅವನ ಮನಸ್ಸು ಯಾರಿಗೂ ಮುಚ್ಚಿಡುವಂತಿರಲಿಲ್ಲ.

ಆದರೆ ಆ ಕಡೆಯಿಂದ ಒಂದು ಮಾತು ಬಂದಿತ್ತು. "ಹುಡುಗ ಕಪ್ಪಗಿರ್ಲಿ, ಕುಳ್ಳಗಿರ್ಲಿ, ಬೀಡಿ ಸಿಗರೇಟು ಸೇದಬಾರ್ದು."

ಮಾರುತೇಶ ಶನಿವಾರ ಸಂಜೆ ಇನ್ನು ಬೀಡಿ ಮುಟ್ಟುವುದಿಲ್ಲವೆಂದು ಅವ್ವನ ತಲೆ ಮುಟ್ಟಿ ಆಣೆ ಮಾಡಿದ. ಭಾನುವಾರ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಸೋದರಮಾವ ಯರ್ರಪ್ಪನನ್ನು ಹಿಂದೆ ಕೂರಿಸಿಕೊಂಡು ಬೈಕ್ ಹೊರಡಿಸಿದ. ಅವ್ವ ಮಂಡಿನೋವಿನಿಂದ ಮನೆಯಲ್ಲೇ ಉಳಿದಳು. ಯರ್ರಪ್ಪ ಆಂಧ್ರದ ಗಡಿಯ ಹಳ್ಳಿಯವನು. ಅವನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ, ಗೊತ್ತಿದ್ದದ್ದರಲ್ಲಿ ನಿಜವಾದದ್ದು ಮಾತ್ರ ಕಡಿಮೆ.

ತಳಕು ದಾಟುವ ಹೊತ್ತಿಗೆ ಮಾರುತೇಶನ ಕೈ ನಡುಗತೊಡಗಿತು. ಬೈಕು ರಸ್ತೆಯ ಆ ಬದಿಗೊಮ್ಮೆ, ಈ ಬದಿಗೊಮ್ಮೆ, ಹೊಸದಾಗಿ ನಡೆಯಲು ಕಲಿತ ಕರುವಿನಂತೆ ಹೋಯಿತು.

"ಏಮಿರಾ ಇದು? ನನ್ನ ನೆಟ್ಟಗೆ ಮನೆ ಮುಟ್ಟಿಸ್ತೀಯೋ ಇಲ್ವೋ?" ಎಂದು ಯರ್ರಪ್ಪ ಹಿಂದಿನಿಂದ ಕೂಗಿದ.

"ನಿನ್ನೆ ಸಂಜೆಯಿಂದ ಒಂದೂ ಸೇದಿಲ್ಲ ಮಾವ. ಕಣ್ಮುಂದೆ ಬರೀ ಬೀಡಿನೇ ಕಾಣ್ತೈತೆ. ಅಗೋ, ಆ ಲೈಟ್ ಕಂಬಾನೂ ಬೀಡಿ ತರಾನೇ ಕಾಣ್ತೈತೆ."

ಯರ್ರಪ್ಪ ಬೈಕ್ ನಿಲ್ಲಿಸಲು ಹೇಳಿದ. ಇಳಿದು ಪಂಚೆ ಸರಿಮಾಡಿಕೊಂಡು ಯೋಚಿಸಿದ. "ಅದಕ್ಕೆ ಒಂದು ದಾರಿ ಐತೆ ಕಣಲೇ. ಕರೆಂಟ್ ಬೀಡಿ. ಬಳ್ಳಾರಿಯಾಗೆ ನೋಡಿದೀನಿ. ಬೆಂಕಿ ಇಲ್ಲ, ಬೂದಿ ಇಲ್ಲ, ವಾಸನೆ ಇಲ್ಲ. ಚಾರ್ಜ್ ಮಾಡಾದು, ಎಳೆಯಾದು. ಬೀಡಿ ಬಿಡೋರಿಗೆ ಅಂತಾನೇ ಮಾಡಿರಾದು."

"ಅದನ್ನ ಸೇದಿದ್ರೆ ಬೀಡಿ ಬಿಟ್ಟಂಗೋ, ಹಿಡಿದಂಗೋ?"

"ಹೆಣ್ಣಿನೋರಿಗೆ ಗೊತ್ತಾಗ್ಲಿಲ್ಲ ಅಂದ್ರೆ ಬಿಟ್ಟಂಗೇ. ಪದ, ಪದ, ಹೊರಡು!" ಎಂದು ಯರ್ರಪ್ಪ ಮತ್ತೆ ಹತ್ತಿ ಕೂತ.

ಚಳ್ಳಕೆರೆಯಲ್ಲಿ ಗಂಗರಾಜು ಎಂಬುವನ ಮೊಬೈಲ್ ಕವರಿನ ಅಂಗಡಿ. ಯರ್ರಪ್ಪ ಒಳಗೆ ಹೋದವನೇ ಗಟ್ಟಿಯಾಗಿ, "ಕರೆಂಟ್ ಬೀಡಿ ಐತೇನಪ್ಪ?" ಎಂದ. ಗಂಗರಾಜುವಿನ ಮುಖ ಬಿಳುಚಿತು. ಅರ್ಧ ಷಟರ್ ಎಳೆದು, "ಸ್ವಲ್ಪ ಮೆಲ್ಲಗೆ ಮಾತಾಡಣ್ಣ. ಗೌರ್ಮೆಂಟು ಅದನ್ನ ಬಂದ್ ಮಾಡಿ ವರ್ಷಗಳಾದ್ವು. ನನ್ನತ್ರ ಅಂಥಾದ್ದೆಲ್ಲ ಇಲ್ಲ," ಎಂದ. ಆಮೇಲೆ ದನಿ ತಗ್ಗಿಸಿ, "ಯಾವ ರುಚಿದು ಬೇಕು?" ಎಂದ.

ಡಬ್ಬಿ ಹೊರಬಂತು. ಒಂದು ಲಿಪ್‌ಸ್ಟಿಕ್ಕಿನಂತಿತ್ತು, ಒಂದು ಸೆಂಟಿನ ಬಾಟಲಿಯಂತಿತ್ತು, ಇನ್ನೊಂದು ಪುಟ್ಟ ಟಾರ್ಚಿನಂತೆ. ಮಾರುತೇಶ ಅವನ್ನೆಲ್ಲ ಹೊಸ ಸೊಸೆ ಒಡವೆ ನೋಡುವಂತೆ ಒಂದೊಂದಾಗಿ ಮುಟ್ಟಿ ನೋಡಿದ. ಚಾರ್ಜರ್ ಕೊಳ್ಳಲು ಬಂದು ಷಟರಿನ ಒಳಗೇ ಸಿಕ್ಕಿಕೊಂಡಿದ್ದ ಪಾತಮ್ಮ ಎಂಬ ಹೆಂಗಸು ಸುಮ್ಮನೆ ನಿಲ್ಲಲಾರದೆ, "ಕಲ್ಲಂಗಡಿದು ತಗಾ ಬೇಟಾ, ಮೈಗೆ ತಂಪು," ಎಂದಳು. ಗಾಜು ಹಾಕಿಸಿಕೊಳ್ಳಲು ಫೋನ್ ಕೊಟ್ಟು ಕಾಯುತ್ತಿದ್ದವನೊಬ್ಬ, "ಮೊದಲ್ನೇ ಸಲಕ್ಕೆ ಪುದೀನನೇ ಸರಿ. ಗಂಟಲು ಸಾಫ್," ಎಂದ. ಅವರಿಬ್ಬರಿಗೂ ಅದರ ಬಗ್ಗೆ ಏನೂ ಗೊತ್ತಿರಲಿಲ್ಲ. ಆದರೂ ತಂಪು ಹೆಚ್ಚೋ ಸಾಫು ಹೆಚ್ಚೋ ಎಂದು ಜಗಳಕ್ಕೆ ನಿಂತರು.

ಯರ್ರಪ್ಪ ಡಬ್ಬಿಯ ತಳದಿಂದ ಕಪ್ಪಗೆ ಮಿರುಗುವ ಒಂದನ್ನು ಹೆಕ್ಕಿದ. ಥೇಟ್ ಪೆನ್ನು. ಮುಚ್ಚಳ, ಕ್ಲಿಪ್ಪು, ಎಲ್ಲವೂ ಇದ್ದವು.

"ಇದೇ ಆಗ್ಬೇಕು! ಹೆಣ್ಣು ನೋಡಾಕೆ ಹೋಗೋನ ಜೇಬಿನಾಗೆ ಪೆನ್ನಿದ್ರೆ ಓದಿರೋನು ಅಂತ ತಿಳ್ಕಂತಾರೆ."

"ಮಾವಿನಹಣ್ಣಿನ ರುಚಿದು," ಎಂದು ಗಂಗರಾಜು ಸೇರಿಸಿದ.

ಅಂಗಡಿಯ ಹಿಂದೆ ನಿಂತು ಮಾರುತೇಶ ಮೊದಲ ದಮ್ಮು ಎಳೆದ. ಪೆನ್ನಿನ ತುದಿಯಲ್ಲಿ ನೀಲಿ ದೀಪ ಮಿನುಗಿತು. ಬಾಯ್ತುಂಬ ಮಾವಿನ ಘಮದ ಆವಿ. ಕೆಮ್ಮಿದ, ಕಣ್ಣಲ್ಲಿ ನೀರು ಬಂತು, ಆದರೆ ಕೈ ನಡುಕ ನಿಂತಿತು. ಪ್ಯಾಂಟಿನ ಜೇಬಿನಲ್ಲಿ ಇನ್ನೂ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ ಇದ್ದವು. ಎಸೆದುಬಿಡಬೇಕೆಂದು ಕೈಗೆತ್ತಿಕೊಂಡ. ಇಷ್ಟು ವರ್ಷ ಜೊತೆಗಿದ್ದದ್ದನ್ನು ಚರಂಡಿಗೆ ಎಸೆಯಲು ಮನಸ್ಸು ಬಾರದೆ ಮತ್ತೆ ಜೇಬಿಗೇ ಇಳಿಸಿದ.

ನನ್ನಿವಾಳದ ಮನೆಯಲ್ಲಿ ಎಲ್ಲವೂ ಚೆನ್ನಾಗಿಯೇ ಶುರುವಾಯಿತು. ಬೊಮ್ಮಲಿಂಗಪ್ಪನವರು ದೊಡ್ಡ ಮೀಸೆಯ, ಗಂಭೀರ ಮುಖದ ರೈತರು. ಹೆಂಡತಿ ಇಲ್ಲ, ಮಗಳೇ ಮನೆಗೆ ಯಜಮಾನಿ. ಪಕ್ಕದ ಮನೆಯ ಸೂರಮ್ಮ ಕರೆಯದಿದ್ದರೂ ಬಂದು ಬಾಗಿಲ ಬಳಿ ಕೂತಿದ್ದಳು, ಹುಡುಗನನ್ನು ಸಂತೆಯ ಹೋರಿಯಂತೆ ಕಣ್ಣಲ್ಲೇ ಅಳೆಯುತ್ತಿದ್ದಳು. ಕಾವ್ಯ ಟೀ ತಂದು ಕೊಟ್ಟಳು. ಫೋಟೋದಲ್ಲಿದ್ದದ್ದಕ್ಕಿಂತ ಚೆಲುವೆ. ಲೋಟ ತೆಗೆದುಕೊಳ್ಳುವಾಗ ಮಾರುತೇಶ ಅರ್ಧ ಟೀಯನ್ನು ತನ್ನ ಮೊಣಕಾಲಿಗೇ ಕುಡಿಸಿದ. ಅವಳು ನಕ್ಕಳು. ಆ ನಗುವಿಗೆ ಅವನು ಉಳಿದರ್ಧವನ್ನೂ ಸುರಿದುಕೊಳ್ಳಲು ಸಿದ್ಧನಿದ್ದ.

"ನಿಮ್ಮವ್ವಾರ ನಂಬರ್ ಹೇಳಪ್ಪ, ಮುಂದಿನ ಮಾತು ಅವರತ್ರ ಆಡ್ತೀನಿ," ಎಂದು ಬೊಮ್ಮಲಿಂಗಪ್ಪನವರು ಎದ್ದು ಗೋಡೆಯ ಕ್ಯಾಲೆಂಡರಿನ ಬಳಿ ಹೋದರು. ಅಂಗಿಯ ಜೇಬು ತಡಕಿದರು, ಗೂಡಿನಲ್ಲಿ ನೋಡಿದರು. ಆಮೇಲೆ ಮಾರುತೇಶನ ಎದೆಯತ್ತ ತಿರುಗಿ, "ಪೆನ್ನು ಐತಲ್ಲ!" ಎಂದು ತಾವೇ ಕಿತ್ತುಕೊಂಡರು.

"ಅದು ಬ್ಯಾಡ್ರೀ, ಅದು ಬರೆಯಲ್ಲ..." ಎಂದು ಮಾರುತೇಶ ತೊದಲಿದ.

"ಬರೀತೈತೆ ಬಿಡು, ಇಂಕು ಗಟ್ಟಿಯಾಗಿರ್ತೈತೆ."

ಅವರು ಮುಚ್ಚಳ ತೆಗೆದು ಕ್ಯಾಲೆಂಡರಿನ ಮೇಲೆ ಗೀಚಿದರು. ಮೂಡಲಿಲ್ಲ. ಕೊಡವಿ ಗೀಚಿದರು. ಮೂಡಲಿಲ್ಲ. ಕೊನೆಗೆ, ಬರೆಯದ ಪೆನ್ನಿಗೆ ಯಾರಾದರೂ ಮಾಡುವಂತೆ, ತುದಿಯನ್ನು ಬಾಯಿಗಿಟ್ಟು ಜೋರಾಗಿ ಎಳೆದರು.

ನೀಲಿ ದೀಪ ಹತ್ತಿತು. ಮರುಕ್ಷಣ ಬೊಮ್ಮಲಿಂಗಪ್ಪನವರ ಮೂಗಿನ ಎರಡೂ ಹೊಳ್ಳೆಗಳಿಂದ, ಮೀಸೆಯ ಎಡೆಯಿಂದ ಬಿಳಿ ಹೊಗೆ ಇಟ್ಟಿಗೆ ಗೂಡಿನಂತೆ ಎದ್ದುಬಂತು.

"ಅಯ್ಯಯ್ಯೋ, ಅಣ್ಣನ ಹೊಟ್ಟೆಗೆ ಬೆಂಕಿ ಬಿದ್ದೈತಲ್ರೋ!" ಎಂದು ಸೂರಮ್ಮ ಚೀರಿದಳು. ಚೀರಿದ್ದಷ್ಟೇ ಅಲ್ಲ, ಮೂಲೆಯಲ್ಲಿದ್ದ ತುಂಬಿದ ಕೊಡವನ್ನೆತ್ತಿ ಅವರ ನೆತ್ತಿಯ ಮೇಲೆ ಬೋರಲು ಹಾಕಿದಳು. ತಟ್ಟೆಯಲ್ಲಿ ತಂದಿಟ್ಟಿದ್ದ ಮಂಡಕ್ಕಿ ತೇಲಿತು. ಯರ್ರಪ್ಪ ಕುರ್ಚಿಯ ಮೇಲೆ ಹತ್ತಿದ. ಬೊಮ್ಮಲಿಂಗಪ್ಪನವರು ಮಾತ್ರ ತೊಯ್ದು ತೊಪ್ಪೆಯಾಗಿಯೂ ಅಲುಗದೆ, ಕಣ್ಣು ಅರೆ ಮುಚ್ಚಿ ನಿಂತಿದ್ದರು. ಮೀಸೆಯಿಂದ ಮಾವಿನ ಘಮ ಬರುತ್ತಿತ್ತು.

"ಅದು ಸೆಂಟಿನ ಪೆನ್ನು. ಫಾರಿನ್ನಿಂದು!" ಎಂದು ಯರ್ರಪ್ಪ ಕುರ್ಚಿಯ ಮೇಲಿನಿಂದಲೇ ಘೋಷಿಸಿದ.

ಕಾವ್ಯ ಅಪ್ಪನ ಕೈಯಿಂದ ಅದನ್ನು ತೆಗೆದುಕೊಂಡು ಹಿಂದುಮುಂದು ನೋಡಿದಳು. "ಇದು ಇ-ಸಿಗರೇಟು. ಇದನ್ನ ಮಾರಂಗೇ ಇಲ್ಲ. ಎಲ್ಲಿ ತಗಂಡ್ರಿ?"

ಯರ್ರಪ್ಪ ಮತ್ತೊಂದು ಸುಳ್ಳಿಗೆ ಬಾಯಿ ತೆರೆದ. ಮಾರುತೇಶ ಅವನ ಪಂಚೆ ಜಗ್ಗಿ ಸುಮ್ಮನಾಗಿಸಿದ.

"ಸುಳ್ಳು ಬ್ಯಾಡ ಮಾವ." ಅವನು ನೆಲ ನೋಡುತ್ತ ಹೇಳಿದ. "ನಾನು ಬೀಡಿ ಸೇದ್ತಿದ್ದೆ ಕಣ್ರೀ. ನಿನ್ನೆ ಸಂಜೆ ಬಿಟ್ಟೆ. ತಡಿಯಾಕಾಗದೆ ದಾರಿಯಾಗೆ ಇದನ್ನ ತಗಂಡೆ. ನಿಮ್ಮ ಫೋಟೋ ನೋಡಿದ ಮೇಲೆ ಬಿಡ್ಲೇಬೇಕು ಅನ್ನಿಸ್ತು."

ಸೂರಮ್ಮ ಖಾಲಿ ಕೊಡವನ್ನು ತಬ್ಬಿಕೊಂಡು ಮುಂದಿನ ಮಾತಿಗೆ ಕಾದಳು.

ಕಾವ್ಯ ಅವನತ್ತ ತಿರುಗಿದಳು. "ಒಂದು ಚಟ ಬಿಡಾಕೆ ಇನ್ನೊಂದು ಚಟ ಹಿಡಿದ್ರೆ ಆಗ್ತೈತಾ? ಆಸ್ಪತ್ರೆಗೆ ಬರ್ರಿ, ಬಿಡಿಸಾಕೆ ಡಾಕ್ಟ್ರು ಅವ್ರೆ, ಔಷಧ ಐತೆ. ನಮ್ಮಪ್ಪನ್ನ ನಾನೇ ಬಿಡಿಸಿದ್ದು. ವರ್ಷ ಆತು, ಒಂದು ದಮ್ಮು ಎಳೆದಿಲ್ಲ." ಆಮೇಲೆ ದನಿ ಸ್ವಲ್ಪ ಇಳಿಯಿತು. "ನಿಜ ಹೇಳಿದ್ರಲ್ಲ, ಅದು ಹಿಡಿಸ್ತು. ಇವತ್ತಿಂದ ಏನೂ ಮುಟ್ಟಲ್ಲ ಅಂದ್ರೆ ನಂದೇನೂ ಅಡ್ಡಿ ಇಲ್ಲ."

"ಮುಟ್ಟಲ್ಲ!" ಎಂದು ಮಾರುತೇಶ ಕೂಗಿದ ರಭಸಕ್ಕೆ ಹೊರಗೆ ಕೋಳಿ ಹಾರಿತು. ಕಾವ್ಯ ಪೆನ್ನನ್ನು ಎಂಜಲು ನೀರಿನ ಬಕೆಟ್ಟಿಗೆ ಹಾಕಿದಳು. ಯರ್ರಪ್ಪ ಕುರ್ಚಿಯಿಂದಿಳಿದು ಎಲ್ಲವೂ ತನ್ನಿಂದಲೇ ಆಯಿತೆಂಬಂತೆ ಮೀಸೆ ತಿರುವಿದ.

"ಬಾರಪ್ಪ, ಹಿತ್ತಲ ಕಡೆ ಹೋಗಾನ. ನಮ್ಮ ಹಸು ತೋರಿಸ್ತೀನಿ," ಎಂದು ಬೊಮ್ಮಲಿಂಗಪ್ಪನವರು ಮಾರುತೇಶನ ಹೆಗಲ ಮೇಲೆ ಒದ್ದೆ ಕೈ ಹಾಕಿದರು.

ಹಿತ್ತಲಲ್ಲಿ ಶೇಂಗಾ ಹೊಟ್ಟಿನ ಬಣವೆಯ ಮರೆಗೆ ಹೋದೊಡನೆ ಅವರು ಹಸುವಿನ ಕಡೆ ತಿರುಗಿಯೂ ನೋಡಲಿಲ್ಲ. ಅತ್ತಿತ್ತ ಕಣ್ಣಾಡಿಸಿ, "ಬೀಡಿ ಐತಾ?" ಎಂದು ಪಿಸುಗುಟ್ಟಿದರು.

ಮಾರುತೇಶನಿಗೆ ಇದು ಪರೀಕ್ಷೆ ಎನ್ನಿಸಿತು. "ಇಲ್ರೀ ಮಾವಾರೆ, ಬಿಟ್ಟುಬಿಟ್ಟೀನಿ."

"ನೀನು ಬಿಟ್ಟಿರಾದು ಗೊತ್ತು. ಜೇಬು ಬಿಟ್ಟೈತಾ? ಅಗೋ, ಕಟ್ಟು ಉಬ್ಬಿ ಕಾಣ್ತೈತೆ." ಅವರ ಗಂಭೀರ ಮುಖ ಈಗ ಮಿಠಾಯಿ ಅಂಗಡಿಯ ಮುಂದೆ ನಿಂತ ಮಗುವಿನಂತಾಗಿತ್ತು. "ವರ್ಷದಿಂದ ಮರ್ತಿದ್ದೆ ಕಣಪ್ಪ. ನಿನ್ನ ಪೆನ್ನು ಎಲ್ಲಾ ನೆನಪು ಮಾಡ್ತು. ಒಂದೇ ಒಂದು ಕೊಡು."

"ಕಾವ್ಯಾರಿಗೆ ಗೊತ್ತಾದ್ರೆ..."

"ಹುಡುಗಿ ಒಪ್ಪಿದ್ರೆ ಆತಾ? ಹುಡುಗಿ ಅಪ್ಪ ಒಪ್ಪಬ್ಯಾಡ್ವಾ?"

ಮಾರುತೇಶ ಜೇಬಿಗೆ ಕೈ ಹಾಕಿದ. ಒಂದು ಬೀಡಿ ಕೊಟ್ಟ, ತಾನೇ ಗೀರಿ ಹಚ್ಚಿದ. ಬೊಮ್ಮಲಿಂಗಪ್ಪನವರು ಕಣ್ಣು ಮುಚ್ಚಿ ಎಳೆದರು. ಹೊಗೆ ತೇಲಿ ಮಾರುತೇಶನ ಮೂಗಿಗೂ ಬಂತು. ಅವನ ಬಾಯಲ್ಲಿ ನೀರೂರಿತು. ಆದರೂ ಕಾವ್ಯಳ ಮುಖ ನೆನೆದು, ಮೂಗು ಹಿಡಿದುಕೊಂಡು ಹಸುವಿನ ಕಡೆ ತಿರುಗಿ ನಿಂತ. ಹುಟ್ಟಿದಾಗಿನಿಂದ ಅವನು ಇಷ್ಟು ದೊಡ್ಡ ಸಾಹಸ ಮಾಡಿದ್ದಿಲ್ಲ.

"ಅಪ್ಪಾ, ಟವೆಲ್ ತಗಂಡು ಬಂದೆ. ತಲೆ ಒರೆಸ್ಕ. ಎಲ್ಲಿದೀಯಾ?"

ಬಣವೆಯ ಆಚೆಯಿಂದ ಕಾವ್ಯಳ ದನಿ. ಮಾರುತೇಶ ತಿರುಗಿದ. ತಿರುಗಿದವನ ಬೆರಳುಗಳ ನಡುವೆ ಬಿಸಿಯಾದದ್ದೇನೋ ಬಂದು ಕೂತಿತು. ನೋಡಿದರೆ ಉರಿಯುವ ಬೀಡಿ. ಕಾವ್ಯ ಬಣವೆ ಸುತ್ತಿ ಎದುರಿಗೆ ಬಂದಳು.

ಬೊಮ್ಮಲಿಂಗಪ್ಪನವರು ಒಳಗಿದ್ದ ಹೊಗೆಯನ್ನು ನುಂಗಿ ಭಯಂಕರವಾಗಿ ಕೆಮ್ಮಿದರು. "ನೋಡವ್ವ, ನೋಡು! ಹಸು ತೋರಿಸಾನ ಅಂತ ಕರ್ಕಂಡು ಬಂದ್ರೆ ಇವನು ಹಚ್ಕಂಡು ನಿಂತ. ಇವನ ಹೊಗೆಗೆ ನಂಗೆ ಉಸಿರೇ ಕಟ್ತೈತೆ!"

ಮಾರುತೇಶ ಬಾಯಿ ತೆರೆದ. ಮಗಳ ಬೆನ್ನ ಹಿಂದೆ ಸರಿದಿದ್ದ ಬೊಮ್ಮಲಿಂಗಪ್ಪನವರು ಎರಡೂ ಕೈ ಮುಗಿದು ನಿಂತಿದ್ದರು. ದೊಡ್ಡ ಮೀಸೆ ನಡುಗುತ್ತಿತ್ತು. ಅಷ್ಟು ವಯಸ್ಸಿನವರು ಹಾಗೆ ಕೈ ಮುಗಿದು ನಿಂತದ್ದನ್ನು ಅವನು ಎಂದೂ ನೋಡಿರಲಿಲ್ಲ. ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು.

"ನಿಜ ಹೇಳೋರು ಅಂದ್ಕಂಡಿದ್ದೆ," ಎಂದಳು ಕಾವ್ಯ. ಅವಳ ಕಣ್ಣಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೇಸರವಿತ್ತು. "ಒಳಗಿಂದ ಹಿತ್ತಲಿಗೆ ಬರಾ ಅಷ್ಟು ಹೊತ್ತೂ ತಡಿಯಾಕಾಗ್ಲಿಲ್ವಾ?" ಟವೆಲ್ಲನ್ನು ಅಪ್ಪನ ತಲೆಯ ಮೇಲೆ ಹಾಕಿ, ಹಿಂದಿರುಗಿ ನೋಡದೆ ಒಳಗೆ ಹೋದಳು.

ಹೊರಡುವಾಗ ಬೊಮ್ಮಲಿಂಗಪ್ಪನವರು ಬೈಕಿನವರೆಗೂ ಬಂದರು. ಮನೆಯೊಳಗೆ ಕೇಳುವಂತೆ, ಸೂರಮ್ಮನ ಮನೆಗೂ ಕೇಳುವಂತೆ, "ಇಂಥಾ ಚಟ ಇರಾ ಹುಡುಗಂಗೆ ನನ್ನ ಮಗಳ್ನ ಕೊಡಾಕಾಗಲ್ಲಪ್ಪ, ಹೋಗಿ ಬರ್ರಿ!" ಎಂದು ಗುಡುಗಿದರು. ಆಮೇಲೆ ಮಾರುತೇಶನ ಎರಡೂ ಕೈಗಳನ್ನು ಹಿಡಿದುಕೊಂಡರು. ಅವರ ಕಣ್ಣುಗಳು ಒದ್ದೆಯಾಗಿದ್ದವು. ಈಗಲಾದರೂ ಮಗಳಿಗೆ ನಿಜ ಹೇಳುತ್ತೇನೆಂದು ಮಾತು ಕೊಡುತ್ತಾರೆಂದು ಮಾರುತೇಶ ಕಾದ.

"ನೀನು ಬಂಗಾರದಂಥ ಹುಡುಗ ಕಣಪ್ಪ," ಎಂದು ಅವರು ಕಿವಿಯ ಬಳಿ ಬಗ್ಗಿದರು. "ವಯಸ್ಸು ಇನ್ನೂ ಐತೆ, ನಿಂಗ್ಯಾಕೆ ಆ ಬೀಡಿ? ಬಿಟ್ಬಿಡು. ಉಳಿದಿರಾ ಕಟ್ಟು ಇಲ್ಲೇ ಕೊಟ್ಟೋಗು."

ಮಾರುತೇಶ ಕೊಟ್ಟ. ಕೇಳುವ ಮೊದಲೇ ಬೆಂಕಿಪೊಟ್ಟಣವನ್ನೂ ಕೊಟ್ಟ.

ಬೈಕು ಊರ ಹೊರಗೆ ಬಂದ ಮೇಲೆ ಯರ್ರಪ್ಪನಿಗೆ ತಡೆಯಲಾಗಲಿಲ್ಲ. "ಅಷ್ಟು ಹೊತ್ತು ಕೈ ಹಿಡ್ಕಂಡು ಕಿವಿಯಾಗೆ ಅದೇನಲೇ ಹೇಳಿದ್ರು?"

"ಬೀಡಿ ಬಿಡು ಅಂದ್ರು ಮಾವ," ಎಂದ ಮಾರುತೇಶ.