ಅಡಿಕೆ ಅಂಗಳದಲ್ಲಿ ಒಣಗಿದ ದೋಣಿ

ನಮ್ಮ ಮಾವನಷ್ಟು ಸಮುದ್ರ ದಾಟಿದ ಮನುಷ್ಯ ನರಸಿಂಹರಾಜಪುರ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ. ಇದ್ದರೆ ತೋರಿಸಿ, ವಾದಕ್ಕೆ ನಾನು ಸಿದ್ಧ! ಎರಡು ಸಲ ಅವನ ಹಡಗು ಒಡೆದಿದೆ, ಮೂರು ಸಲ ಕಡಲ್ಗಳ್ಳರು ಅಡ್ಡಗಟ್ಟಿದ್ದಾರೆ, ಒಮ್ಮೆ ತಿಮಿಂಗಿಲ ಬಾಲದಿಂದ ಬಾರಿಸಿದೆ. ಎಲ್ಲವೂ ನಡೆದದ್ದು ಜಗಲಿಯಲ್ಲಿ, ತೊಡೆಯ ಮೇಲೊಂದು ರಟ್ಟು ಇಟ್ಟುಕೊಂಡು, ನೀಲಿ ಬಾಲ್‌ಪೆನ್ನಿನಲ್ಲಿ ಎಂಬುದಷ್ಟೇ ಸಣ್ಣ ತೊಡಕು.

ಈ ಮಾವ ಅಮ್ಮನ ತಮ್ಮ. ಹೊಟ್ಟೆಪಾಡಿಗೆ ಅಡಿಕೆ ಬೆಳೆಯುತ್ತಾನೆ, ಉಳಿದ ಹೊತ್ತಿನಲ್ಲಿ ಮಕ್ಕಳಿಗಾಗಿ ಕಡಲ ಸಾಹಸದ ಕಥೆ ಬರೆಯುತ್ತಾನೆ. ನಿಜವಾದ ಸಮುದ್ರವನ್ನು ನೋಡಿದ್ದು ಒಂದೇ ಸಲ, ಆಗುಂಬೆಯಲ್ಲಿ ಸೂರ್ಯಾಸ್ತ ನೋಡುವ ಜಾಗದಿಂದ. ಅವತ್ತು ಮಂಜು ಕವಿದಿತ್ತಂತೆ! "ಆದ್ರೂ ಅಲ್ಲೇ ಇತ್ತು ಮಾರಾಯ್ತಿ, ಮಂಜಿನ ಹಿಂದೆ!" ಎನ್ನುತ್ತಾನೆ. ಇಂಥ ಸಾಕ್ಷಿಯನ್ನು ಯಾವ ನ್ಯಾಯಾಲಯ ಒಪ್ಪುತ್ತದೆ, ಹೇಳಿ?

ನಾನಾಗ ಶಿವಮೊಗ್ಗದಲ್ಲಿ ಪದವಿ ಓದುತ್ತ, ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಸ್ಟೀಲು ಲೋಟಗಳಿಂದ ಅಮ್ಮನ ಅಡುಗೆಮನೆ ತುಂಬಿಸುತ್ತಿದ್ದೆ. ಊರಿಗೆ ಮೊಬೈಲ್ ಟವರ್ ಬಂದ ಹೊಸತು. ದೀಪಾವಳಿಗೆ ಮಾವನ ಮನೆಗೆ ಹೋದವಳು ಊಟಕ್ಕೆ ಕೂತಲ್ಲೇ ಖಂಡನ-ಮಂಡನ ಶುರುಮಾಡಿದೆ.

"ಮಾವ, ನಿನ್ನ ಹಡಗು ಎದುರುಗಾಳಿಗೂ ನೆಟ್ಟಗೆ ಹೋಗತ್ತಲ್ಲ, ಅದೇನು ಹಾಯಿಹಡಗಾ, ಕೊಪ್ಪದ ಬಸ್ಸಾ?"

"ಕಥೆ ಅಲ್ದಾ ಕೂಸೇ..."

"ಕಥೆ ಅಂದ ಮಾತ್ರಕ್ಕೆ ಸುಳ್ಳು ಹೇಳಬಹುದಾ? ದೋಣಿಗೆ ಕಾಲೇ ಇಡದವನು ಮಕ್ಕಳನ್ನ ಸಮುದ್ರಕ್ಕೆ ಕಳಿಸೋದು ಯಾವ ನ್ಯಾಯ?"

ಎದುರಾಳಿ ತಿರುಗೇಟು ಕೊಡಬೇಕಾದ ಜಾಗ ಅದು. ಮಾವ ಹೋಳಿಗೆಯನ್ನು ಎಲೆಯ ಮೇಲಿಟ್ಟ. "ಹೌದು. ನೀ ಹೇಳಿದ್ದು ಸರಿ. ದೋಣಿ ನಡೆಸೋವರೆಗೆ ಇನ್ನು ಒಂದಕ್ಷರ ಬರೆಯೋದಿಲ್ಲ" ಎಂದ.

ತಮಾಷೆ ಎಂದುಕೊಂಡೆ. ಅಲ್ಲವೇ ಅಲ್ಲ! ಆಗ ಒಂದು ಮಕ್ಕಳ ಮಾಸಪತ್ರಿಕೆಯಲ್ಲಿ ಅವನ ಧಾರಾವಾಹಿ ಬರುತ್ತಿತ್ತು. ಹನ್ನೊಂದು ವರ್ಷದ ತುಂಗಿ ಎಂಬ ಹುಡುಗಿ ಮುರಿದ ಹಾಯಿಕಂಬ ತಬ್ಬಿಕೊಂಡು, ಬಿರುಗಾಳಿಯ ನಟ್ಟನಡುವೆ, "ಮುಂದುವರಿಯುವುದು" ಎಂಬಲ್ಲಿ ನಿಂತಿದ್ದಳು. ಅಲ್ಲೇ ನಿಂತಳು. ತಿಂಗಳುಗಟ್ಟಲೆ!

ಓದುವ ಮಕ್ಕಳು ಸುಮ್ಮನಿರುತ್ತಾರೆಯೇ? ಮಾವನಿಗೆ ಕಾರ್ಡುಗಳು ಬಂದವು. ಶೃಂಗೇರಿಯ ಹುಡುಗಿಯೊಬ್ಬಳು ಬರೆದಿದ್ದಳು: "ನನಗೆ ಪರೀಕ್ಷೆ ಇದೆ. ಅದಕ್ಕಿಂತ ಮೊದಲು ತುಂಗಿಯನ್ನು ದಡಕ್ಕೆ ಹಾಕಿ." ಅತ್ತೆ ಅದನ್ನು ಗಟ್ಟಿಯಾಗಿ ಓದಿ, ಕಾಫಿಯ ಜೊತೆ ನನ್ನ ಮುಂದೆ ಕುಕ್ಕಿದಳು. "ತಗಳೇ ತಾಯಿ. ಸಿಕ್ಕಿಸಿದವಳು ನೀನೇ ಅಲ್ದಾ?"

ದೋಣಿ ಕೆಲಸವಂತೂ ಶುರುವಾಗಿತ್ತು. ಕೊಪ್ಪದ ಸೈಬರ್ ಸೆಂಟರಿನಿಂದ ನಕ್ಷೆಗಳ ಕಟ್ಟೊಂದು ಬಂತು. ಕೆಲಸಕ್ಕೆ ಬಂದ ಬಡಗಿ ಮನೆ ಕಟ್ಟಿದವನು, ಕೊಟ್ಟಿಗೆ ಕಟ್ಟಿದವನು, ದೋಣಿ ಕಟ್ಟಿದವನಲ್ಲ.

"ಇದರ ಮುಖ ಯಾವ ದಿಕ್ಕಿಗೆ ಮಾರಾಯ್ರೇ? ವಾಸ್ತುವಿನ ಆಯ ನೋಡದೆ ಉಳಿ ಹಾಕಾದು ಹ್ಯಾಂಗೆ?"

"ದೋಣಿ ಮಾರಾಯ! ಅದು ತಿರುಗ್ತಾ ಇರತ್ತೆ."

"ತಿರುಗೋದಕ್ಕೆಲ್ಲ ಆಯ ಇಲ್ಲ. ನಾಳೆ ಎಂತಾದ್ರೂ ಆದ್ರೆ ನನ್ನ ಕೇಳಬೇಡಿ."

ಕೊನೆಗೆ ರಾಜಿಯಾಯಿತು. ಕೆಲಸ ಶುರುಮಾಡುವ ದಿನ ಪೂರ್ವಕ್ಕೆ ಮುಖ, ಆಮೇಲೆ ಎತ್ತ ತಿರುಗಿದರೂ ಅದು ದೋಣಿಯ ಕರ್ಮ!

ಮರುವರ್ಷದ ದೀಪಾವಳಿಗೆ ದೋಣಿ ಸಿದ್ಧವಾಯಿತು. ಎಂಥ ದೋಣಿ! ಹೆಬ್ಬಲಸಿನ ಹಲಗೆ, ನೀಲಿ ಟಾರ್ಪಾಲಿನ ಹಾಯಿ. ಗದ್ದೆಯ ಆಚೆಗೆ ಭದ್ರೆಯ ಹಿನ್ನೀರು ದಡ ಮೀರುವಷ್ಟು ತುಂಬಿತ್ತು. ನಾನು ಕುಣಿಯುವುದೊಂದು ಬಾಕಿ. "ಇಳಿಸೋಣ ಮಾವ!" ಎಂದರೆ, "ಎಂತ ಅವಸರ? ಮೊದಲು ಒಣಗಲಿ" ಎಂದ.

ಈಗ ನಮ್ಮ ಜನರ ಒಂದು ನಂಬಿಕೆ ಹೇಳಬೇಕು. ಅಡಿಕೆಯಿರಲಿ, ಕಾಫಿಯಿರಲಿ, ಮೆಣಸಿರಲಿ, ಹಪ್ಪಳವೇ ಇರಲಿ, ಜಗತ್ತಿನ ಸಕಲ ವಸ್ತುವಿಗೂ ಮೋಕ್ಷ ಒಣಗುವುದರಲ್ಲಿದೆ! ಮಾವ ದೋಣಿಯನ್ನು ಅಡಿಕೆ ಅಂಗಳದಲ್ಲಿ ಮಲಗಿಸಿದ. ಬೆಳಿಗ್ಗೆ ಬಿಸಿಲಿಗೆ ಮಗುಚುತ್ತಿದ್ದ, ಸಂಜೆ ಇಬ್ಬನಿ ಬೀಳದಂತೆ ಹೊದಿಸುತ್ತಿದ್ದ, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದ. "ಟಣ್ ಅನ್ನಬೇಕು ಕೂಸೇ, ಟಣ್!" ನಾನೂ ಒಪ್ಪಿದೆ. ಒಣಗಿದ್ದು ಕೆಡುವುದಿಲ್ಲ, ದೋಣಿ ಕೆಡಬಾರದು, ಆದ್ದರಿಂದ ದೋಣಿ ಒಣಗಬೇಕು. ಈ ತರ್ಕದಲ್ಲಿ ಒಂದು ಬಿರುಕು ತೋರಿಸಿ ನೋಡೋಣ!

ಬಿರುಕು ತರ್ಕದಲ್ಲಿರಲಿಲ್ಲ, ಹಲಗೆಗಳ ಸಂದಿನಲ್ಲಿತ್ತು.

ಶಿವರಾತ್ರಿ ಕಳೆಯಿತು. ಹಿನ್ನೀರು ಇಳಿಯತೊಡಗಿತು. ನಾನು ರಜೆಯಲ್ಲಿ ಅಲ್ಲಿದ್ದಾಗಲೇ ಸಂಪಾದಕರ ಪತ್ರ ಬಂತು: ಯುಗಾದಿಯೊಳಗೆ ಮುಂದಿನ ಕಂತು ಬಾರದಿದ್ದರೆ, "ತುಂಗಿ ಮುಳುಗಿದಳು" ಎಂದು ನಾವೇ ಒಂದು ಸಾಲು ಹಾಕಿ ಧಾರಾವಾಹಿ ಮುಗಿಸುತ್ತೇವೆ. ಮಾವ ಪತ್ರ ಮಡಚಿ ನೆಟ್ಟಗೆ ಅಂಗಳಕ್ಕೆ ನಡೆದ. ಮರುದಿನವೇ ದೋಣಿ ಇಳಿಸುವುದೆಂದಾಯಿತು.

ಅರ್ಧ ಊರು ದಡದಲ್ಲಿ ಸೇರಿತು. ಅತ್ತೆ ಕುಂಕುಮ ಹಚ್ಚಿ ಕಾಯಿ ಒಡೆದಳು. ಮಾವ ಒಬ್ಬನೇ ಹತ್ತಿ, ಚುಕ್ಕಾಣಿ ಹಿಡಿದು ಗಂಭೀರವಾಗಿ ಕೂತ. ಹತ್ತು ಅಡಿ ಹೋಗಿರಬೇಕು. ದೋಣಿಯ ಪ್ರತಿಯೊಂದು ಸಂದಿನಿಂದಲೂ ನೀರು ನಗುತ್ತ ಒಳಗೆ ಬಂತು! ಮಾವ ಕದಲಲಿಲ್ಲ. ಸೊಂಟದವರೆಗೆ ಬಂತು, ಎದೆಯವರೆಗೆ ಬಂತು, ದೋಣಿ ಕೆಸರಿನ ಮೇಲೆ ಸುಖವಾಗಿ ಕೂತಿತು. ದಡದಿಂದ ಯಾರೋ ಕೂಗಿದರು: "ಒಂದು ಅಡಿಕೆ ಹಾಳೆ ಬಿಟ್ಟಿದ್ರೂ ಇಷ್ಟೊತ್ತಿಗೆ ಆಚೆ ದಡ ಸೇರ್ತಿತ್ತು ಮಾರಾಯ್ರೇ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ?

ಮನೆಗೆ ಬಂದ ಮಾವ ಬಟ್ಟೆ ಬದಲಿಸಿ ಒಂದು ಕಾರ್ಡು ತೆಗೆದ. "ಸಂಪಾದಕರಿಗೆ ಬರೀತೇನೆ. ಮುಳುಗಿಸಿ ಅಂತ." ನಾನು ಗೆದ್ದಿದ್ದೆ, ಸಂಪೂರ್ಣವಾಗಿ. ಯಾಕೋ ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟೆ.

ಕಾರ್ಡು ಕಿತ್ತುಕೊಂಡವಳು ಅತ್ತೆ. "ಎಂತ ಬುದ್ಧಿವಂತರಪ್ಪ ಮಾವ ಸೊಸೆ ಇಬ್ರೂ! ಅಟ್ಟದಿಂದ ಇಳಿಸಿದ ಮರದ ಮರಿಗೆಗೆ ನೀರು ತುಂಬಿದ್ರೆ ಮೊದಲ ದಿನ ಸೋರದೆ ಇರತ್ತಾ? ನೀರಲ್ಲಿ ನೆನೆಹಾಕಿದ್ರೆ ಮರ ಉಬ್ಬಿ ಸಂದು ಮುಚ್ಚತ್ತೆ. ದೋಣಿ ಅಂದ್ರೆ ದೊಡ್ಡ ಮರಿಗೆ ಅಲ್ದಾ? ಅದನ್ನ ಅಡಿಕೆ ಮಾಡಿ ಇಟ್ಟಿದೀರಿ!"

"ಮೊದಲೇ ಹೇಳಾದಲ್ದಾ?" ಎಂದ ಮಾವ.

"ನನ್ನ ಕೇಳಿದ್ರಾ?"

ಮುಳುಗಿದ ದೋಣಿಯಲ್ಲಿ ಕಲ್ಲು ಹೇರಿ ಅಲ್ಲೇ ಬಿಟ್ಟೆವು. ದಿನ ಬೆಳಗಾದರೆ ಹಿನ್ನೀರು ಹಿಂದೆ ಸರಿದಿರುತ್ತಿತ್ತು. ಮಾವ, ನಾನು, ಬಡಗಿ ಸೇರಿ ದೋಣಿಯನ್ನು ಮತ್ತೆ ನೀರಿನೊಳಕ್ಕೆ ನೂಕುತ್ತಿದ್ದೆವು. ಸರಸರನೆ ಸರಿಯುವ ನೀರಿನ ಹಿಂದೆ ಓಡುವ ಈ ಕಷ್ಟ ಎಮ್ಮೆ ಮೀಯಿಸುವವರಿಗೂ ಬರುವುದಿಲ್ಲ! ಆರನೆಯ ದಿನ ಕಲ್ಲು ಎತ್ತಿ, ನೀರು ಮೊಗೆದು ಹೊರಹಾಕಿದೆವು. ದೋಣಿ ಮೆಲ್ಲಗೆ ಮೈ ಮುರಿದು ಎದ್ದಿತು. ತಳದಲ್ಲಿ ಒಂದು ಹನಿಯೂ ಒಸರಲಿಲ್ಲ. ನಾನು ಕಿರುಚಿದ ಅಬ್ಬರಕ್ಕೆ ನೀರುಕಾಗೆಗಳೆಲ್ಲ ಹಾರಿಹೋದವು!

"ಹತ್ತು. ಆರೋಪ ಮಾಡಿದವಳು ನೀನು, ಸಾಕ್ಷಿಗೂ ನೀನೇ ಬೇಕು" ಎಂದ ಮಾವ. ಅತ್ತೆ ಇಬ್ಬರ ಸೊಂಟಕ್ಕೂ ಖಾಲಿ ಪ್ಲಾಸ್ಟಿಕ್ ಕ್ಯಾನು ಕಟ್ಟಿದ ಮೇಲಷ್ಟೇ ಬಿಟ್ಟಳು.

ಗಾಳಿ ಬಂತು. ನೀಲಿ ಟಾರ್ಪಾಲು ಪಟಪಟನೆ ಬಡಿದು, ಒಮ್ಮೆಲೇ ಹೊಟ್ಟೆ ಉಬ್ಬಿಸಿತು. ಅಬ್ಬಾ! ದೋಣಿ ಓಡಿತು, ನಿಜವಾಗಿ ಓಡಿತು, ನೀರಿನಲ್ಲಿ ನಿಂತ ಸತ್ತ ಮರಗಳ ನಡುವೆ! ಮರಳುವಾಗ ಗಾಳಿ ಎದುರಾಯಿತು. ನೆಟ್ಟಗೆ ಹೋಗಲಾಗದೆ ಅತ್ತ ಓರೆ, ಇತ್ತ ಓರೆ ಹೊಡೆಯುತ್ತ ಬರಬೇಕಾಯಿತು. ಒಂದು ತಿರುವಿನಲ್ಲಿ ದೋಣಿ ವಾಲಿದಾಗ ಆಯ ತಪ್ಪಿ ಮಾವನ ಕೈ ಹಿಡಿದುಕೊಂಡೆ. ಮಂಜುಗಡ್ಡೆಯಂತೆ ತಣ್ಣಗಾಗಿ ಚುಕ್ಕಾಣಿಯನ್ನು ಕಚ್ಚಿಕೊಂಡಿತ್ತು.

"ಮಾವ, ನಿಂಗೆ ಈಜು ಬರತ್ತಲ್ಲ?"

"ಇಲ್ಲ ಮಾರಾಯ್ತಿ. ಸಣ್ಣವನಿದ್ದಾಗಿಂದ ನೀರು ಕಂಡ್ರೆ ಹೆದ್ರಿಕೆ."

"ಮತ್ತೆ ಯಾಕೆ ಬಂದೆ?"

"ನೀ ಹೇಳಿದ್ದು ಸರಿ ಇತ್ತಲ್ಲ."

ಎಷ್ಟೋ ವೇದಿಕೆಗಳಲ್ಲಿ ಮಾತಾಡಿದ್ದೇನೆ. ಚಪ್ಪಾಳೆ ಹೊಡೆದವರು ಹೊಡೆದು ಮನೆಗೆ ಹೋಗಿದ್ದಾರೆ. ನನ್ನ ಒಂದು ಮಾತನ್ನು ನಂಬಿ, ಹೆದರಿಕೆಯ ಮೇಲೆಯೇ ಹಾಯಿ ಕಟ್ಟಿ ಹೊರಟವನು ಇವನೊಬ್ಬ.

ಮಾವ ದಡದ ಕಡೆ ನೋಡುತ್ತಲೇ ಕೇಳಿದ: "ಈಗ ಬರೀಲಾ ಕೂಸೇ?"

"ಬರಿ ಮಾವ. ತುಂಗಿಗೆ ತುಂಬ ಹೆದರಿಕೆ ಆಯ್ತು ಅಂತ ಬರಿ."

ಅವನು ತಲೆಯಾಡಿಸಿದ. ಚುಕ್ಕಾಣಿ ಹಿಡಿದ ಅವನ ಕೈಯ ಮೇಲೆ ನನ್ನ ಕೈ ಇಟ್ಟೆ. ಇಬ್ಬರೂ ಸೇರಿ ಚುಕ್ಕಾಣಿಯನ್ನು ದಡದ ಕಡೆ ತಿರುಗಿಸಿದೆವು.