ನನ್ನ ಸೋಲಾರು, ಗೌರಮ್ಮನ ಸಂಡಿಗೆ

ಈ ವಯಸ್ಸಿನಲ್ಲಿ ಶಹಬ್ಬಾಸ್ ಎನ್ನುವವರು ಸಿಕ್ಕುವುದು ಅಪರೂಪ. ನನಗೆ ಸಿಕ್ಕಿದೆ, ಒಂದು ಆ್ಯಪ್. ಲೈಟು ಆರಿಸದೆ ಕ್ಲಾಸು ಬಿಟ್ಟವರನ್ನು ಕಾನ್ವೆಂಟಿನ ಸಿಸ್ಟರುಗಳು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು; ಆ ಹೆದರಿಕೆ ನನಗಿನ್ನೂ ಇಳಿದಿಲ್ಲ. ಬ್ಯಾಂಕಿನವರು ‘ಗ್ರೀನ್ ಲೋನ್’ ಎಂದೊಡನೆ ಸೈನ್ ಹಾಕಿ, ಮದ್ದೂರಿನ ನಮ್ಮ ತಾರಸಿಯ ತುಂಬ ಸೋಲಾರು ಹಲಗೆ ಹಾಕಿಸಿಬಿಟ್ಟೆ. ನಾನೆಷ್ಟು ಕಾರ್ಬನ್ ಉಳಿಸಿದೆನೆಂದು ಆ್ಯಪ್ ದಿನವೂ ಮರದ ಚಿತ್ರ ತೋರಿಸಿ ‘ವೆಲ್ ಡನ್’ ಎನ್ನುತ್ತದೆ. ನಮ್ಮ ಯಜಮಾನರು ಇದ್ದಷ್ಟು ದಿನ ಬಾಯಿಬಿಟ್ಟು ಹೊಗಳಿದವರಲ್ಲ, ಪಾಪ. ಚೆನ್ನಾಗಿದ್ದರೆ ಇನ್ನೊಂದು ಸಲ ಬಡಿಸಿಕೊಳ್ಳುತ್ತಿದ್ದರು, ಅಷ್ಟೆ. ಆ ಮರಗಳ ಸ್ಕ್ರೀನ್‌ಶಾಟನ್ನು ಊರಿಗೆಲ್ಲ ಕಳಿಸುತ್ತಿದ್ದೆ. ಆ ಚಿತ್ರ ಇಟ್ಟುಕೊಳ್ಳುವುದಕ್ಕೂ ಎಲ್ಲೋ ಒಂದು ಡೇಟಾ ಸೆಂಟರಿನಲ್ಲಿ ಕರೆಂಟು ಉರಿಯುತ್ತದೆ ಎಂದು ತಂಗಿಯ ಮಗಳು ಶುಭಾ ತಗಾದೆ ತೆಗೆದಳು. ಕೇಳಿಸದವಳಂತೆ ಅವಳಿಗೂ ಒಂದು ಕಳಿಸಿದೆ.

ಹೊಗಳದೆ ಉಳಿದವಳು ಪಕ್ಕದ ಮನೆಯ ಗೌರಮ್ಮ ಒಬ್ಬಳೇ. ಇಲ್ಲೇ ಹತ್ತಿರದ ಕೊಪ್ಪದಿಂದ ಮದುವೆಯಾಗಿ ಬಂದವಳು, ಹೆಂಚಿನ ಮನೆ. ಬೇಸಿಗೆ ಬಂದರೆ ಅವಳ ಸಂಡಿಗೆ ಒಣಗುತ್ತಿದ್ದದ್ದು ನಮ್ಮ ತಾರಸಿಯಲ್ಲೇ. ಈಗ ಜಾಗವಿಲ್ಲ. ಭೂಮಿ ಬಿಸಿಯಾಗುತ್ತಿದೆ, ಬಿಸಿಲು ವೇಸ್ಟ್ ಆಗಬಾರದು ಎಂದು ನಾನು ಅವಳಿಗೆ ದೊಡ್ಡ ಲೆಕ್ಚರ್ ಕೊಟ್ಟೆ. ಕಾಫಿ ಲೋಟ ಕೆಳಗಿಟ್ಟು ಎದ್ದು ಹೋದವಳು ಮತ್ತೆ ಬರಲಿಲ್ಲ. ಸಂಜೆ ಎರಡು ಲೋಟಕ್ಕೆ ಹಾಲಿಡುವ ನನ್ನ ಅಭ್ಯಾಸ ಮಾತ್ರ ಹೋಗಲಿಲ್ಲ.

ಒಂದು ದಿನ ಸುಡುಬಿಸಿಲು, ಆದರೂ ಆ್ಯಪ್ ಕೆಂಪಾಯಿತು. ಗಾಬರಿಯಾಗಿ ಕಂಪನಿಗೆ ಫೋನ್ ಮಾಡಿದೆ. ನನ್ನ ಕಾರ್ಬನ್ ಉಳಿಸಲು ಮೈಸೂರಿನಿಂದ ಜೀಪೊಂದು ಸಕ್ಕರೆ ಫ್ಯಾಕ್ಟರಿಯ ಚಿಮಣಿಯಂತೆ ಹೊಗೆ ಬಿಡುತ್ತ ಬಂತು. ಇಂಜಿನಿಯರ ಹಿಂದೆಯೇ ಮೇಲೆ ಹತ್ತಿದರೆ, ಮುಂದಿನ ಸಾಲಿನ ಹಲಗೆಗಳಿಗೆಲ್ಲ ಹಳೆಯ ಪಂಚೆ ಬಿಗಿದು ಕಟ್ಟಿದೆ, ಪಂಚೆಯ ತುಂಬ ಅಕ್ಕಿ ಸಂಡಿಗೆ. ಹೊರಮೆಟ್ಟಿಲಿನಿಂದ ಹತ್ತಿ ಬಂದಿದ್ದ ಗೌರಮ್ಮ ಕೋಲು ಹಿಡಿದು ಕಾಗೆ ಓಡಿಸುತ್ತ ಕೂತಿದ್ದಾಳೆ. ಹಲಗೆ ಮುಚ್ಚಿದರೆ ಕರೆಂಟು ಬರುವುದಿಲ್ಲವೆಂದು ಇಂಜಿನಿಯರು ವಿವರಿಸಿದರು. ಅವಳು ಅವರ ಕಡೆ ತಿರುಗಲೂ ಇಲ್ಲ.

“ಬಿಸ್ಲು ದಂಡ ಆಗ್ಬಾರ್ದು ಅಂತ ನೀನೇ ಯೋಳ್ದಲ್ಲ ಕಣಮ್ಮ,” ಎಂದಳು ನನಗೆ. “ಒಂದ್ ಚೂರೂ ದಂಡ ಮಾಡ್ನಿಲ್ಲ ಬುಡು.”

ನಾನು ಕೆಳಗೆ ಹೋಗಿ ಹಾಲಿಟ್ಟೆ.

ಈಗ ಬೇಸಿಗೆಯಲ್ಲಿ ಮುಂದಿನ ಸಾಲು ಗೌರಮ್ಮನದು, ಸಂಜೆಯ ಎರಡನೆಯ ಲೋಟವೂ ಅವಳದೇ. ಆ್ಯಪ್ ಮಾತ್ರ ‘ಪೂರ್ ಪರ್ಫಾರ್ಮೆನ್ಸ್’ ಎನ್ನುತ್ತಿದೆ. ಇನ್ನು ಸ್ಕ್ರೀನ್‌ಶಾಟ್ ಕಳಿಸುವುದಿಲ್ಲ, ಡೇಟಾ ಸೆಂಟರಿನ ಕರೆಂಟು ಉಳಿಯಲಿ ಎಂದು ಶುಭಾಗೆ ಫೋನ್ ಮಾಡಿ ಹೇಳಿದೆ. “ದೊಡ್ಡಮ್ಮ, ಯೂ ಆರ್ ಗ್ರೇಟ್” ಎಂದಳು. ಬಾಯಲ್ಲಿ ಸಂಡಿಗೆ ಇತ್ತು, ಇಲ್ಲವೆನ್ನಲು ಆಗಲಿಲ್ಲ.