ಗುತ್ಯಮ್ಮನವರ ಕೂಗಿನ ಕಡತವನ್ನು ಮಾಸ್ಟರಿಂಗ್‌ಗೆ ಸಿದ್ಧಪಡಿಸುವ ಬಗ್ಗೆ

ಧ್ವನಿ ದಾಖಲಾತಿ ಶಾಖೆ, ಶಿಕಾರಿಪುರ–ಸೊರಬ ಜಂಟಿ ಕಚೇರಿ
ಸಂಖ್ಯೆ: ಧ್ವದಾಶಾ/ಕುರಿ/17/2024-25
ದಿನಾಂಕ: 04.03.2025

ವಿಷಯ: ಮಾಸ್ಟರಿಂಗ್‌ಗೆ, ಅಂದರೆ ಧ್ವನಿಯ ಅಂತಿಮ ಹದಕ್ಕೆ, ಕಳುಹಿಸಲು ಗಣಕಯಂತ್ರದಲ್ಲಿ ಧ್ವನಿಕಡತ ಸಿದ್ಧಪಡಿಸುವಾಗ ಅನುಸರಿಸಬೇಕಾದ ಕ್ರಮಗಳು.

ಉಲ್ಲೇಖ: 1) ಕಡತವನ್ನು ಹಿಂದಿರುಗಿಸಿದ ಮಾಸ್ಟರಿಂಗ್ ಸ್ಟುಡಿಯೋದ ಪತ್ರ. 2) ಗುತ್ಯಮ್ಮನವರ ಮೌಖಿಕ ಆಕ್ಷೇಪಣೆ.

ಬಂದಳಿಕೆ ಕಡೆಯ ಗುತ್ಯಮ್ಮನವರು ಕುರಿ ಕರೆಯುವ ಕೂಗನ್ನು ಹೊರಗುತ್ತಿಗೆ ಗಣಕ ನಿರ್ವಾಹಕಿ ಕು. ನಾಗಶ್ರೀ ಅವರು ಧ್ವನಿಮುದ್ರಿಸಿ ತಂದಿದ್ದರು. ಸದರಿಯವರ ಗುತ್ತಿಗೆ ನವೀಕರಣವು ಈ ಕಡತ ಅಂಗೀಕಾರವಾಗುವುದನ್ನೇ ಅವಲಂಬಿಸಿತ್ತು. ಅಧೀಕ್ಷಕ ಶ್ರೀ ಉಜ್ಜಪ್ಪನವರು, "ಗದ್ದಲ ಭಾಳ ಐತಿ, ಸ್ವಲ್ಪ ಕ್ಲೀನ್ ಮಾಡ್ರೀ" ಎಂದು ಸೂಚಿಸಿದ ಮೇರೆಗೆ ಗದ್ದಲ ತೆಗೆಯುವ ಗುಂಡಿ ಒತ್ತಲಾಯಿತು. ತಂತ್ರಾಂಶವು ಗುತ್ಯಮ್ಮನವರ ಕೂಗನ್ನೇ ಗದ್ದಲವೆಂದು ಅಳಿಸಿ, ಹಿಂದೆ ಹೋಗುತ್ತಿದ್ದ ಬಸ್ಸಿನ ಹಾರ್ನನ್ನು ಉಳಿಸಿಕೊಂಡಿತು. ಅದನ್ನೇ ತಾರಕಕ್ಕೇರಿಸಿ ಸ್ಟುಡಿಯೋಗೆ ಕಳುಹಿಸಲಾಯಿತು. "ಬಸ್ಸು ಚೆನ್ನಾಗಿದೆ, ಅಜ್ಜಿ ಎಲ್ಲಿ?" ಎಂಬ ಷರಾದೊಂದಿಗೆ ಕಡತ ವಾಪಸಾಯಿತು.

ವಿಚಾರಣೆಗೆ ಕರೆಸಲಾದ ಗುತ್ಯಮ್ಮನವರು ಹೆಡ್‌ಫೋನ್ ತೆಗೆದಿಟ್ಟು, "ಇದು ನಾನಲ್ಲ ತಂಗಿ, ಸೊರಬದ ಬಸ್ಸು. ನನ್ನ ದನೀನ ಕಸ ಅಂತ ಗುಡಿಸಿ ಹಾಕೀರೇನು?" ಎಂದು ಕೇಳಿದರು. ಗುಂಡಿ ಒತ್ತಲು ಹೇಳಿದವರು ಬೇರೆಯವರು ಎಂದು ಕು. ನಾಗಶ್ರೀ ಅವರು ಹೇಳಬಹುದಿತ್ತು, ಹೇಳಲಿಲ್ಲ. "ತಪ್ಪಾಯ್ತು ಅಜ್ಜಿ" ಎಂದಷ್ಟೇ ಅಂದು, ಮೂಲ ಧ್ವನಿಮುದ್ರಣವನ್ನು ಮೆಮೊರಿ ಕಾರ್ಡಿನಿಂದ ಹುಡುಕಿ ತೆಗೆದರು.

"ಇದೇ ಅಸಲಿ ಅಂತ ಯಾರು ಸಹಿ ಹಾಕ್ತಾರ್ರೀ?" ಎಂದು ಅಧೀಕ್ಷಕರು ಕೇಳಲಾಗಿ, "ಕುರಿ ಹೊರಗ ನಿಂತಾವು, ಅವುನ್ನೇ ಕೇಳ್ರಿ" ಎಂದು ಗುತ್ಯಮ್ಮನವರು ತಿಳಿಸಿದರು. ಕಿಟಕಿ ತೆರೆದು ಮೂಲ ಮುದ್ರಣದ ಕೂಗನ್ನು ಕೇಳಿಸಿದ ಕೂಡಲೇ ಮೂವತ್ತೆಂಟು ಕುರಿಗಳು ಮೆಟ್ಟಿಲು ಹತ್ತಿ ಬಂದು ನಾಗಶ್ರೀ ಅವರ ಮೇಜಿನ ಸುತ್ತ ನಿಂತವು. ಕಡತ ಅಸಲಿಯೆಂದು ಸಾಬೀತಾಯಿತು. ಒಂದು ಟಗರು ಹಾಜರಿ ಪುಸ್ತಕದ ಫೆಬ್ರವರಿ ತಿಂಗಳನ್ನು ತಿಂದಿರುತ್ತದೆ.

ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

1. ಮೂಲ ಕಡತವನ್ನು ಮುಟ್ಟದೆ, ಪ್ರತಿಯ ಮೇಲೆ ಮಾತ್ರ ಕೆಲಸ ಮಾಡತಕ್ಕದ್ದು.

2. ದನಿ ಒಡೆಯದಂತೆ, ಕೂಗು ಅತಿ ಜೋರಾಗುವಲ್ಲಿ ಅದರ ನೆತ್ತಿಯ ಮೇಲೆ ಆರು ಡೆಸಿಬಲ್ ಜಾಗ ಖಾಲಿ ಬಿಡತಕ್ಕದ್ದು. ಸದರಿ ಜಾಗವನ್ನು ಒತ್ತುವರಿ ಮಾಡತಕ್ಕದ್ದಲ್ಲ; ಬಗರ್‌ಹುಕುಂ ಅರ್ಜಿಗಳನ್ನು ಸ್ವೀಕರಿಸಲಾಗುವುದಿಲ್ಲ.

3. ಯಾವುದು ದನಿ, ಯಾವುದು ಗದ್ದಲ ಎಂಬುದನ್ನು ತಂತ್ರಾಂಶವಾಗಲೀ ಅಧೀಕ್ಷಕರಾಗಲೀ ತೀರ್ಮಾನಿಸತಕ್ಕದ್ದಲ್ಲ. ಕೂಗಿದವರನ್ನು ಕೇಳತಕ್ಕದ್ದು.

4. ಕಡತಗಳಿಗೆ 'ಫೈನಲ್', 'ಹೊಸ ಫೈನಲ್', 'ದೇವರಾಣೆ ಇದೇ ಫೈನಲ್' ಎಂದು ಹೆಸರಿಡುವುದನ್ನು ನಿಷೇಧಿಸಲಾಗಿದೆ. ಆಣೆಗೆ ಪ್ರತ್ಯೇಕ ನಮೂನೆ ಇರುತ್ತದೆ.

5. ಕುರಿಗಳ ದೃಢೀಕರಣಕ್ಕೆ ಮೂರನೇ ಎರಡರಷ್ಟು ಕೋರಂ ಅಗತ್ಯ. ಮೇಕೆಗಳು ವೀಕ್ಷಕರಾಗಿ ಭಾಗವಹಿಸಬಹುದು, ಮತ ಚಲಾಯಿಸುವಂತಿಲ್ಲ.

6. ಫೆಬ್ರವರಿಯಲ್ಲಿ ಎಲ್ಲ ಸಿಬ್ಬಂದಿ ಹಾಜರಿದ್ದರೆಂದು ಭಾವಿಸತಕ್ಕದ್ದು. ವಿವರಣೆ ಬೇಕಿದ್ದವರು ಟಗರಿಗೆ ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು.

ಮೂಲ ಕಡತವನ್ನು ಸ್ಟುಡಿಯೋ ಅಂಗೀಕರಿಸಿದ್ದು, ಕು. ನಾಗಶ್ರೀ ಅವರ ಗುತ್ತಿಗೆಯನ್ನು ಹನ್ನೊಂದು ತಿಂಗಳಿಗೆ ನವೀಕರಿಸಲಾಗಿದೆ. ಗುಂಡಿ ಒತ್ತಲು ಹೇಳಿದ್ದು ತಾವೇ ಎಂಬುದನ್ನು ಕೆಳಗೆ ಸಹಿ ಮಾಡಿದವರು ದಾಖಲಿಸಬಯಸುತ್ತಾರೆ.

ಸಹಿ/-
(ಉಜ್ಜಪ್ಪ)
ಅಧೀಕ್ಷಕರು

ಪ್ರತಿ:
1) ಮಾಸ್ಟರಿಂಗ್ ಸ್ಟುಡಿಯೋ, ಮಾಹಿತಿಗಾಗಿ.
2) ಸೊರಬದ ಬಸ್ಸಿನ ಚಾಲಕರು, ಹಾರ್ನ್ ಉತ್ತಮವಾಗಿದ್ದ ಬಗ್ಗೆ ಪ್ರಶಂಸೆಯೊಂದಿಗೆ.
3) ಶ್ರೀಮತಿ ಗುತ್ಯಮ್ಮ, ಬಂದಳಿಕೆ. ಕು. ನಾಗಶ್ರೀ ಅವರು ಖುದ್ದಾಗಿ ಹೋಗಿ ಓದಿ ಹೇಳತಕ್ಕದ್ದು. ಊಟಕ್ಕೆ ಕರೆದರೆ ಒಲ್ಲೆನೆನ್ನತಕ್ಕದ್ದಲ್ಲ. ಆ ದಿನವನ್ನು ಕರ್ತವ್ಯವೆಂದೇ ಪರಿಗಣಿಸಲಾಗುವುದು.